ಜೋಸಿ ಮಲಗುವ ಮನೆ

ಸ್ಲೇಟ್ ಫೋರ್ಕ್, ವೆಸ್ಟ್ ವರ್ಜೀನಿಯಾ
ಫೆಬ್ರುವರಿ 11, 2023

ಶಾನಾ,

ಜೋಸಿ ಚೆನ್ನಾಗಿದ್ದಾಳೆ. ಒಂದು ಕೋರೆಹಲ್ಲು ಅಲ್ಲಾಡುತ್ತಿದೆ, ಯಾರಿಗೂ ಮುಟ್ಟಲು ಬಿಡುತ್ತಿಲ್ಲ. ಒಳ್ಳೆಯ ಸುದ್ದಿ ಇಷ್ಟೇ. ಇನ್ನು ಬರೆಯುವುದೆಲ್ಲ ಹೇಸಿಗೆ.

ಪ್ರೂಇಟ್ ಟೀಚರ್ ನೆನಪಿದ್ದಾರಲ್ಲ, ನಾಲ್ಕನೇ ಕ್ಲಾಸಿನಲ್ಲಿ ನಿನಗೆ ಭಾಗಾಕಾರ ಕಲಿಸಲು ಹೆಣಗಿದವರು? ನಿವೃತ್ತರಾದ ಮೇಲೆ ಪೇಟೆಯ ಲೈಬ್ರರಿಯಲ್ಲಿ ಕೂತು ನಮ್ಮಂಥವರ ತೆರಿಗೆ ಫಾರಂ ಪುಕ್ಕಟೆ ತುಂಬಿಕೊಡುತ್ತಾರೆ. ಇವತ್ತು ಬೆಳಿಗ್ಗೆ ಪಕ್ಕದ ಟ್ರೈಲರ್ ಮನೆಯ ಬಿಲ್ಲಿ ನನ್ನನ್ನು ಅಲ್ಲಿ ಇಳಿಸಿ ಹೋದ. ಮಕ್ಕಳಿರುವ ಮನೆಗೆ ಸರ್ಕಾರ ತೆರಿಗೆಯಿಂದ ವಾಪಸ್ ಕೊಡುವ ದುಡ್ಡು ನನಗೆ ಸಲ್ಲುತ್ತದೋ ಇಲ್ಲವೋ ಎಂದು ಅವರು ಒಂದೊಂದೇ ಪ್ರಶ್ನೆ ಕೇಳಿದರು.

"ಮಗು ನಿಮಗೆ ಏನಾಗ್ಬೇಕು?"

"ಮೊಮ್ಮಗಳು."

"ಹದಿನೇಳು ತುಂಬಿಲ್ಲ ತಾನೆ?"

"ಟೀಚರ್, ಅವಳಿಗೆ ಒಂಬತ್ತು."

"ನಾನಲ್ಲ ಕೇಳ್ತಿರೋದು ಡ್ರೀಮಾ, ಫಾರಂ ಕೇಳ್ತಿದೆ. ತನ್ನ ಖರ್ಚಲ್ಲಿ ಅರ್ಧಕ್ಕಿಂತ ಹೆಚ್ಚು ತಾನೇ ನೋಡ್ಕೊಂಡಿದಾಳಾ?"

"ಹೂಂ, ಕಲ್ಲಿದ್ದಲು ಗಣೀಲಿ ಎರಡನೇ ಪಾಳಿ ಮಾಡ್ತಾಳೆ."

ನಕ್ಕರು. "ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ನಿಮ್ಮನೇಲೇ ಇದ್ಲಾ?"

"ಮುನ್ನೂರ ಅರವತ್ತೈದು ದಿನಾನೂ ನನ್ನ ಟ್ರೈಲರಲ್ಲೇ ಮಲಗಿದಾಳೆ. ಒದೆಯೋದು ಬೇರೆ. ನನ್ನ ಪಕ್ಕೆಲುಬು ಸಾಕ್ಷಿ."

ವೃದ್ಧಾಶ್ರಮದ ಬಟ್ಟೆ ಒಗೆದು ನಾನು ದುಡಿದದ್ದಕ್ಕೆ ಚೀಟಿ ಇತ್ತು, ಜೋಸಿಯ ಸೋಷಿಯಲ್ ಸೆಕ್ಯುರಿಟಿ ನಂಬರ್ ಇತ್ತು. ಎಲ್ಲ ಸರಿ ಎಂದು ಗುಂಡಿ ಒತ್ತಿದರು. ಮಧ್ಯಾಹ್ನಕ್ಕೆ ಉತ್ತರ ಬಂತು. ಈ ಮಗುವಿನ ನಂಬರನ್ನು ಇನ್ಯಾರೋ ಆಗಲೇ ತಮ್ಮ ಮನೆಯ ಮಗು ಎಂದು ತೋರಿಸಿದ್ದಾರಂತೆ. ಯಾರು ಎಂದು ಇಲಾಖೆ ಹೇಳುವುದಿಲ್ಲವಂತೆ. ಕಳ್ಳನ ಮರ್ಯಾದೆ ಕಾಪಾಡಬೇಕಲ್ಲ!

ನಮ್ಮ ಕಡೆಯ ಚಾಳಿ ನಿನಗೆ ಗೊತ್ತೇ ಇದೆ. ಫೆಬ್ರುವರಿ ಬಂದರೆ ಸಾಕು, ಏಣಿ ಗರಗಸ ಕೊಟ್ಟ ಹಾಗೆ ಮಕ್ಕಳನ್ನು ಎರವಲು ಕೊಡುತ್ತಾರೆ. ದುಡಿಮೆಯಿಲ್ಲದ ತಾಯಿ ಮಗುವಿನ ನಂಬರನ್ನು ದುಡಿಮೆಯಿರುವ ನೆಂಟನಿಗೆ ಕೊಡುವುದು, ಬಂದದ್ದರಲ್ಲಿ ಪಾಲು ತಿನ್ನುವುದು. ನೋಡಿದಾಗೆಲ್ಲ ನನಗೆ ವಾಕರಿಕೆ ಬರುತ್ತದೆ. ಇದು ಟ್ರಾವಿಸ್‌ನದೇ ಕೆಲಸ. ಅಪ್ಪ ಅನ್ನಿಸಿಕೊಂಡು ಒಂದು ಜೊತೆ ಕಾಲುಚೀಲ ತಂದುಕೊಟ್ಟವನಲ್ಲ, ಈಗ ಮಗಳು ಬೇಕಾದಳೇ?

ಆ ದುಡ್ಡು ಬಂದರೆ ಗಾಡಿಯ ಗೇರ್‌ಬಾಕ್ಸ್ ರಿಪೇರಿ. ಗಾಡಿ ಎದ್ದರೆ ನಾಲ್ಕು ಗಂಟೆಯ ದಾರಿ, ನೀನಿರುವ ಜೈಲು. ಜೋಸಿ ನಿನ್ನ ಮುಖ ನೋಡಿ ಹದಿನಾಲ್ಕು ತಿಂಗಳಾಯಿತು. ನನಗೆ ಬೇಕಾಗಿರುವುದು ಅಷ್ಟೇ.

ಬರುವಾಗ ಗ್ಲೆನಾ ಮನೆಗೆ ಹೋಗಿ ಶಾಲೆಯ ಕಾಗದಗಳನ್ನು ತಂದೆ. ಎಲ್ಲ ಅಲ್ಲಿಗೇ ಬರುತ್ತವಲ್ಲ. ಪಾಪ, ನನ್ನ ತಂಗಿ ಕಾಫಿ ಕೊಟ್ಟು, "ಎಂಥಾ ಜನ ಅಕ್ಕಾ, ಮಗೂನೂ ಕದೀತಾರಲ್ಲ" ಎಂದು ನನಗಿಂತ ಹೆಚ್ಚು ಬೈದಳು.

ನಿನಗೇನಾದರೂ ಗೊತ್ತಿದ್ದರೆ ಬರೆ.

ಅಮ್ಮ

ಫೆಬ್ರುವರಿ 24

ಅಮ್ಮ,

ನಿನ್ನ ಕಾಗದ ಓದಿ ಬೇಜಾರಾಯಿತು. ಟ್ರಾವಿಸ್ ಇರಬಹುದು. ಅವನ ಜೊತೆ ಜಗಳಕ್ಕೆ ಹೋಗಬೇಡ, ಅವನ ಕೈ ಮುಂದೆ. ಈ ಒಂದು ವರ್ಷ ಬಿಟ್ಟುಬಿಡು. ಮುಂದಿನ ಫೆಬ್ರುವರಿಗೆ ಎಲ್ಲರಿಗಿಂತ ಮೊದಲು ಹೋಗಿ ತುಂಬಿಸು.

ಫೋನಿನಲ್ಲಿ ಜೋಸಿ ಭಾನುವಾರ ಇಡೀ ಪುಟ ಓದಿ ಹೇಳಿದಳು. ಒಂದು ಕಡೆಯೂ ತಡವರಿಸಲಿಲ್ಲ! ಆ ಓದಿಸುವ ಟೀಚರಿಗೆ ನನ್ನ ಪರವಾಗಿ ಒಂದು ಡಬ್ಬಿ ಫಡ್ಜ್ ಮಿಠಾಯಿ ಮಾಡಿಕೊಡು. ಪೇಟೆ ಶಾಲೆಗೆ ಹಾಕಿದ್ದು ಒಳ್ಳೆಯದಾಯಿತು. ನಾನು ಇಲ್ಲಿ ಅಡುಗೆಮನೆ ಕೆಲಸಕ್ಕೆ ಸೇರಿದ್ದೇನೆ. ಸೆಪ್ಟೆಂಬರಿನಲ್ಲಿ ಪೆರೋಲಿನವರ ಮುಂದೆ ನಿಲ್ಲುತ್ತೇನೆ. ಎಲ್ಲರೂ ಬಿಡುಗಡೆ ಆಗುತ್ತದೆ ಅನ್ನುತ್ತಿದ್ದಾರೆ.

ನಿಜವಾಗಿ ಬಿಟ್ಟುಬಿಡು ಅಮ್ಮ.

ಶಾನಾ

ಮಾರ್ಚ್ 9

ಶಾನಾ,

ಬಿಡುವುದಾ? ನಾನು ಯಾವಾಗ ಏನನ್ನು ಬಿಟ್ಟಿದ್ದೇನೆ?

ಮೊದಲನೆಯದು, ಫಾರಂ ಅನ್ನು ಕಾಗದದ ಮೇಲೆ ಬರೆದು ಅಂಚೆಯಲ್ಲಿ ಕಳಿಸಿದ್ದೇನೆ. ಹಾಗೆ ಕಳಿಸಿದರೆ ತಳ್ಳಿಹಾಕುವಂತಿಲ್ಲವಂತೆ. ಇಬ್ಬರಿಗೂ ಪತ್ರ ಬರೆದು, ಮಗು ನಿಮ್ಮ ಮನೆಯಲ್ಲಿತ್ತು ಅನ್ನುವುದಕ್ಕೆ ರುಜುವಾತು ಕೊಡಿ ಅನ್ನುತ್ತಾರಂತೆ. ಕೊಡೋಣ. ಕೊಡಲಾಗದವನು ಮಣ್ಣು ಮುಕ್ಕಲಿ.

ಎರಡನೆಯದು, ಟ್ರಾವಿಸ್ ಹತ್ತಿರ ಹೋಗಿದ್ದೆ. ಯಾರದೋ ಸೂರಿನ ಮೇಲೆ ಕೂತು ತಗಡು ಬಡಿಯುತ್ತಿದ್ದ. ಕೆಳಗಿಂದಲೇ ಬೈದೆ.

"ಅತ್ತೇ, ಸುಮ್ನಿರಿ," ಎಂದು ಮೇಲಿಂದಲೇ ಕೂಗಿದ. "ನಾನು ಜನ್ಮದಲ್ಲಿ ತೆರಿಗೆ ಫಾರಂ ಮುಟ್ಟಿದ್ದಿದ್ಯಾ? ನಂಗೆ ಕೂಲಿ ಕೈಗೇ ಕೊಡ್ತಾರೆ. ಸರ್ಕಾರಕ್ಕೆ ನಾನು ಹುಟ್ಟಿರೋದೇ ಗೊತ್ತಿಲ್ಲ!"

ಅಂಥ ನಾಚಿಕೆಗೇಡಿನ ಮಾತನ್ನು ಸುಳ್ಳಾಗಿ ಯಾರೂ ಹೇಳುವುದಿಲ್ಲ. ಅವನಲ್ಲ.

ಹಾಗಾದರೆ ಯಾರು? ಜೋಸಿಯ ಕಾರ್ಡು ನನ್ನ ಬೈಬಲಿನೊಳಗಿದೆ. ನಂಬರ್ ನನಗೆ ಗೊತ್ತು, ನಿನಗೆ ಬಾಯಿಪಾಠ. ಮೂರನೆಯವರಿಗೆ ಹೇಗೆ ಗೊತ್ತಾಯಿತು?

ಅಮ್ಮ

ಮಾರ್ಚ್ 20

ಅಮ್ಮ,

ಆಸ್ಪತ್ರೆಯಲ್ಲೋ ಶಾಲೆಯಲ್ಲೋ ಎಲ್ಲಿಂದಲೋ ಹೋಗಿರಬೇಕು. ಈಗೆಲ್ಲ ನಂಬರ್ ಕದಿಯುವುದು ಸುಲಭ. ನನ್ನ ಪಕ್ಕದ ಮಂಚದವಳು ಅದಕ್ಕೇ ಒಳಗೆ ಬಂದಿರುವುದು.

ಇಲ್ಲಿ ಇನ್ನೂ ಚಳಿ. ಹಲ್ಲು ಬಿತ್ತಾ?

ಶಾನಾ

ಏಪ್ರಿಲ್ 23

ಶಾನಾ,

ನಿನ್ನೆ ಚರ್ಚಿನಲ್ಲಿ ರ‍್ಯಾಂಪ್ ಊಟ. ಬೆಟ್ಟದಿಂದ ಆ ಕಾಡು ಬೆಳ್ಳುಳ್ಳಿ ಕಿತ್ತು, ಹಂದಿ ಕೊಬ್ಬಿನಲ್ಲಿ ಆಲೂಗಡ್ಡೆಯೊಂದಿಗೆ ಹುರಿದಿದ್ದೆವು. ಮೂರು ದಿನ ಯಾರೂ ಹತ್ತಿರ ಬರದ ಹಾಗೆ ಎಲ್ಲರ ಬಾಯಿ, ಬೆವರು ಎರಡೂ ನಾರುತ್ತಿವೆ. ಆದರೆ ಅದಕ್ಕಿಂತ ಕೆಟ್ಟದ್ದು ನನ್ನ ಮೂಗಿಗೆ ಬಡಿದದ್ದು ಆಮೇಲೆ.

ಗ್ಲೆನಾ ಮನೆ ಮುಂದೆ ಹೊಸ ಜಗಲಿ ಕಟ್ಟಿಸಿದ್ದಾಳೆ. ತೂಗುಕುರ್ಚಿ ಬೇರೆ. ದುಡ್ಡು ಎಲ್ಲಿಂದ ಬಂತೆಂದು ಯಾರೋ ಹೆಂಗಸು ಕೇಳಿದಳು. ಗ್ಲೆನಾಳ ಗಂಡ ಡೆನ್ವರ್, ಚರ್ಚಿನ ಹಿರಿಯ, ದೇವರ ಹೆಸರಿಲ್ಲದೆ ಕೆಮ್ಮುವುದೂ ಇಲ್ಲ. ಬಾಯಿತುಂಬ ರ‍್ಯಾಂಪ್ ಇಟ್ಟುಕೊಂಡು, "ತೆರಿಗೆ ವಾಪಸ್ ಬಂತು, ಈ ಸಲ ಮಗು ಇತ್ತಲ್ಲ" ಅಂದುಬಿಟ್ಟ.

ನಾನು ತಟ್ಟೆ ಕೆಳಗಿಟ್ಟೆ. "ಯಾವ ಮಗು ಗ್ಲೆನಾ?"

ಅವಳು ಕೆಂಪಗಾಗಲಿಲ್ಲ ಕಣೇ. ಕಾರ್ನ್‌ಬ್ರೆಡ್ ಮುರಿಯುತ್ತಲೇ ಹೇಳಿದಳು. "ಏನಕ್ಕಾ ಹಂಗ್ ನೋಡ್ತೀಯ? ಎರಡು ವರ್ಷದಿಂದ ಜೋಸಿ ನನ್ನ ವಿಳಾಸದಲ್ಲೇ ಇದಾಳಲ್ಲ. ಶಾಲೆಯವ್ರನ್ನ ಕೇಳು."

"ವಿಳಾಸದಲ್ಲಿ ಇದಾಳೆ, ನಿನ್ನ ಮನೇಲಿ ಇದಾಳಾ? ಒಂದು ಸಲ ತಲೆ ಬಾಚಿದೀಯಾ? ಜ್ವರದಲ್ಲಿ ಕಕ್ಕಿದ್ದು ಬಳಿದಿದೀಯಾ?"

"ತಂಗಿಗೆ ಅಕ್ಕನ ಮೊಮ್ಮಗಳು ಕಾನೂನಲ್ಲಿ ಸಂಬಂಧಾನೇ. ನನ್ನ ಸಂಬಳ ನಿನಗಿಂತ ಜಾಸ್ತಿ. ಇಬ್ಬರೂ ಕೇಳಿದ್ರೆ ಜಾಸ್ತಿ ಇರೋರಿಗೇ ಅಂತೆ. ಅದೂ ಅಲ್ದೆ, ನಾನೇನು ಕದ್ದಿಲ್ಲ. ಶಾನಾನೇ ಕೊಟ್ಟಿದ್ದು."

ಪರ್ಸಿನಿಂದ ಒಂದು ಚೀಟಿ ತೆಗೆದು ತೋರಿಸಿದಳು. ನಿನ್ನ ಅಕ್ಷರ. ಒಂಬತ್ತು ಅಂಕಿ, ಕೆಳಗೆ 'ಚಿಕ್ಕಮ್ಮ, ಈ ವರ್ಷ ಜೋಸಿಯನ್ನು ನೀನೇ ತೋರಿಸಿಕೋ. ಇಲ್ಲಿಯ ನನ್ನ ಫೋನಿನ ಖಾತೆಗೆ ತಿಂಗಳಾ ದುಡ್ಡು ತುಂಬುತ್ತೀಯಲ್ಲ, ಸಾಕು. ಅಮ್ಮನಿಗೆ ಹೇಳಬೇಡ.'

ಥೂ.

ಪ್ರತಿ ಭಾನುವಾರ ಆ ಮಗು ಫೋನಿನ ಮುಂದೆ ಪುಸ್ತಕ ಹಿಡಿದು ಕೂರುತ್ತಿತ್ತು. ತನ್ನನ್ನು ಮಾರಿದ ದುಡ್ಡಿನಲ್ಲೇ ಆ ಫೋನು ಬರುತ್ತಿದೆ ಎಂದು ಅದಕ್ಕೇನು ಗೊತ್ತು. ನಶೆಯ ಮಾತ್ರೆ ಮಾರಿ ನೀನು ಒಳಗೆ ಹೋದೆ, ಅದನ್ನು ನಾನು ಹೇಗೋ ನುಂಗಿದೆ. ಇದು ಗಂಟಲಲ್ಲಿ ಇಳಿಯುತ್ತಿಲ್ಲ. ಟ್ರಾವಿಸ್ ಇರಬಹುದು ಅಂದೆಯಲ್ಲ! ನಾನು ಹೋಗಿ ಬೀದಿಯಲ್ಲಿ ನಿಂತು ಅವನಿಗೆ ಬೈದೆ. ಅವನೇ ನಿನಗಿಂತ ಮೇಲು, ಮಗಳಿಗೆ ಏನೂ ಕೊಡಲಿಲ್ಲ, ಮಗಳನ್ನು ಯಾರಿಗೂ ಕೊಡಲೂ ಇಲ್ಲ.

ಡ್ರೀಮಾ

ಜೂನ್ 18

ಶಾನಾ,

ಎಂಟು ವಾರವಾಯಿತು. ಒಂದು ಸಾಲಿಲ್ಲ, ಒಂದು ಫೋನಿಲ್ಲ. ಗ್ಲೆನಾ ಖಾತೆಗೆ ತುಂಬುವುದು ನಿಲ್ಲಿಸಿದಳೇನೋ, ಹಾಗಾಗಿ ಮಗಳೂ ಬೇಡವಾದಳು. ಫೋನ್ ಯಾಕೆ ಬರುತ್ತಿಲ್ಲ ಎಂದು ಜೋಸಿ ಕೇಳುತ್ತಾಳೆ. ಅಲ್ಲಿಯ ಫೋನ್ ಕೆಟ್ಟಿದೆ ಅಂದಿದ್ದೇನೆ. ನಿನಗಾಗಿ ಸುಳ್ಳು ಹೇಳುವ ನನ್ನ ಬಾಯಿಗೂ ಹೇಸಿಗೆ.

ಇಲಾಖೆಯಿಂದ ಪತ್ರ ಬಂದಿದೆ. ಜೋಸಿ ಅರ್ಧ ವರ್ಷಕ್ಕಿಂತ ಹೆಚ್ಚು ನನ್ನ ವಿಳಾಸದಲ್ಲಿದ್ದಳೆಂದು ಶಾಲೆಯವರೋ ಡಾಕ್ಟರೋ ಪಾದ್ರಿಯೋ ಬರೆದುಕೊಡಬೇಕು, ತಮ್ಮ ಹೆಸರು ಅಚ್ಚಾದ ಕಾಗದದ ಮೇಲೆ. ನೆಂಟರ ಮಾತು ನಡೆಯುವುದಿಲ್ಲ. ಜಾಸ್ತಿ ಸಂಬಳದ ಮಾತನ್ನು ಪ್ರೂಇಟ್ ಟೀಚರ್ ಹತ್ತಿರ ಕೇಳಿದೆ. "ಮಗು ನಿಜವಾಗ್ಲೂ ಇಬ್ಬರ ಜೊತೇಲೂ ಇದ್ರೆ ಮಾತ್ರ ಆ ಮಾತು, ಒಂದೇ ಸೂರಿನ ಕೆಳಗೆ ಇರೋರಿಗೆ. ಒಂದು ವರ್ಷಕ್ಕೆ ಎರಡು ದೊಡ್ಡ ಅರ್ಧ ಇರಲ್ಲ ಡ್ರೀಮಾ" ಅಂದರು. ನಿನಗೆ ಭಾಗಾಕಾರ ಹತ್ತದಿದ್ದದ್ದು ಅವರ ತಪ್ಪಲ್ಲ.

ಡಾಕ್ಟರ ಹತ್ತಿರ ಹೋದೆ. ಎರಡು ವರ್ಷದಿಂದ ಚುಚ್ಚುಮದ್ದು ಎಲ್ಲ ಶಾಲೆಯಲ್ಲೇ ಹಾಕಿದ್ದಾರೆ, ಅಲ್ಲೇನೂ ಇಲ್ಲ. ಪಾಸ್ಟರ್ ಆರ್ಲಿ ಹತ್ತಿರ ಹೋದೆ. ಡೆನ್ವರ್ ಹಿರಿಯ ಅಲ್ಲವೇ, ಅವರು ಬೆವರು ಒರೆಸಿಕೊಂಡರು. "ನಮ್ಮ ಚರ್ಚಿಗೆ ಹೆಸರು ಅಚ್ಚಾದ ಕಾಗದ ಎಲ್ಲಿದೆ ತಾಯಿ" ಅಂದರು. ನಿಜವೇ, ನಮ್ಮಲ್ಲಿ ಅಚ್ಚಾದದ್ದು ಅಂದರೆ ಹೆಣ ಸಿಂಗರಿಸುವ ಅಂಗಡಿಯವರು ಹಂಚಿದ ರಟ್ಟಿನ ಬೀಸಣಿಗೆ ಮಾತ್ರ. ಕೊನೆಗೆ ಅದರ ಹಿಂದೆಯೇ ನಾಲ್ಕು ಸಾಲು ಗೀಚಿಕೊಟ್ಟರು. ಟೀಚರಿಗೆ ತೋರಿಸಿದರೆ, "ಇದನ್ನ ಕಳಿಸಿದ್ರೆ ನೀವೇ ಸತ್ತಿದೀರಿ ಅಂತ ಫೈಲ್ ಮುಚ್ಚಿಬಿಡ್ತಾರೆ" ಎಂದು ಬೀಸಿಕೊಳ್ಳಲು ಇಟ್ಟುಕೊಂಡರು.

ಉಳಿದದ್ದು ಶಾಲೆ. ಶಾಲೆಯ ದಾಖಲೆಯಲ್ಲಿ ಜೋಸಿಯ ಮನೆ ಗ್ಲೆನಾಳ ಮನೆ. ಆ ಸುಳ್ಳನ್ನು ಹೇಳಿದ್ದು ಗ್ಲೆನಾ ಅಲ್ಲ, ನೀನಲ್ಲ. ನಾನು. ಓದು ಹತ್ತದ ಮಗುವಿಗೆ ಓದಿಸುವ ಟೀಚರ್ ಬೇಕಿತ್ತು, ಆ ಟೀಚರ್ ಪೇಟೆ ಶಾಲೆಯಲ್ಲಿದ್ದರು, ನಮ್ಮ ಕಣಿವೆ ಆ ಶಾಲೆಯ ಗಡಿಯೊಳಗೆ ಬರುವುದಿಲ್ಲ. ತಂಗಿಯ ವಿಳಾಸ ಬರೆದು ಸಹಿ ಹಾಕಿದೆ. ಒಳ್ಳೆಯ ಕೆಲಸಕ್ಕೆ ತಾನೇ ಅಂದುಕೊಂಡೆ. ಏಳು ವರ್ಷದ ಮಗುವನ್ನು ಒಲೆಯ ಮುಂದೆ ಕೂರಿಸಿ, ಯಾರಾದರೂ ಕೇಳಿದರೆ ಯಾವ ಮನೆ ಹೇಳಬೇಕೆಂದು ಗಿಣಿಗೆ ಕಲಿಸಿದ ಹಾಗೆ ಕಲಿಸಿದೆ. ಈಗಲೂ ಯಾರಾದರೂ ಕೇಳಿದರೆ ಅವಳು ಮೊದಲು ನನ್ನ ಮುಖ ನೋಡುತ್ತಾಳೆ.

ಮಂಗಳವಾರ ಶಾಲೆಯ ಆಫೀಸಿಗೆ ಹೋಗಿ ಟ್ಯಾಕೆಟ್ ಮೇಡಂ ಮುಂದೆ ಎಲ್ಲ ಕಕ್ಕಿದೆ. ಆ ಹೆಂಗಸು ಕನ್ನಡಕದ ಮೇಲಿಂದ ನೋಡಿ, "ಗೊತ್ತು" ಅಂದಳು.

"ಹೇಗ್ ಗೊತ್ತು?"

"ಮೊದಲನೇ ಏಪ್ರಿಲ್ಲಲ್ಲೇ ಗೊತ್ತಾಯ್ತು. ನಿಮ್ ಹುಡುಗಿ ರ‍್ಯಾಂಪ್ ತಿಂದ್ಕೊಂಡು ಬಂದ್ಲು ನೋಡಿ, ಮೂರು ಬೆಂಚು ಖಾಲಿ ಆಯ್ತು. ಪೇಟೆ ಮನೇಲಿ ಅದನ್ನ ಒಲೆ ಮೇಲೆ ಇಡೋಕೂ ಬಿಡಲ್ಲ. ಮಗು ಓದ್ತಿದೆಯಲ್ಲ ಅಂತ ಸುಮ್ಮನಿದ್ವಿ."

ಕಾಗದ ಬರೆದುಕೊಡುತ್ತೇನೆ ಅಂದಳು. ತಡವಾಗಿ ಬಂದ ದಿನ, ಜ್ವರ ಬಂದು ಕರೆದುಕೊಂಡು ಹೋದ ದಿನ, ಎರಡು ವರ್ಷದ ಪ್ರತಿ ಚೀಟಿಯಲ್ಲೂ ನನ್ನದೇ ಸಹಿ ಇದೆ. ಗ್ಲೆನಾಳದು ಒಂದೂ ಇಲ್ಲ. ಆದರೆ ನಿಜವಾದ ವಿಳಾಸ ಬರೆದ ಮೇಲೆ ಅವಳು ಸುಮ್ಮನಿರುವಂತಿಲ್ಲ. "ಕಾಗದ ಬೇಕು ಅಂದ್ರೆ, ಆಗಸ್ಟಿಂದ ಜೋಸಿ ನಮ್ಮ ಶಾಲೆಯವಳಲ್ಲ. ಯೋಚ್ನೆ ಮಾಡಿ" ಅಂದಳು.

ಯೋಚನೆ ಮಾಡಿದೆ. ಸುಮ್ಮನಿದ್ದರೆ ಶಾಲೆ ಉಳಿಯುತ್ತದೆ, ಗ್ಲೆನಾ ಮುಂದಿನ ವರ್ಷವೂ ನನ್ನ ಮೊಮ್ಮಗಳನ್ನು ಅಟ್ಟದ ಸಾಮಾನಿನ ಹಾಗೆ ತೋರಿಸಿಕೊಳ್ಳುತ್ತಾಳೆ, ಜೋಸಿ ನಿನ್ನನ್ನು ನೋಡುವುದಿಲ್ಲ. ಕಾಗದ ತೆಗೆದುಕೊಂಡೆ. ಓದಿಸುವ ಟೀಚರಿಗೆ ಕೊನೆಯ ಡಬ್ಬಿ ಫಡ್ಜ್ ಕೊಟ್ಟು ಬಂದೆವು. ಜೋಸಿ ದಾರಿಯುದ್ದಕ್ಕೂ ಅತ್ತಳು. ಬಿಲ್ಲಿಯ ಗಾಡಿಯಲ್ಲಿ ರೇಡಿಯೋ ಜೋರು ಮಾಡಿಕೊಂಡು ನಾನೂ.

ನೀನಾದರೂ ಒಂದು ಸಾಲು ಬರೆದು, ಮಗು ಇದ್ದದ್ದು ಅಮ್ಮನ ಮನೆಯಲ್ಲಿ ಎಂದು ಇಲಾಖೆಗೆ ಹೇಳಬಹುದಿತ್ತು. ನಿನಗೆ ನಾಲಿಗೆ ಇರುವುದು ಸುಳ್ಳು ಹೇಳಲು ಮಾತ್ರ. ಇನ್ನು ಬರೆಯಬೇಡ. ನಾನೂ ಬರೆಯುವುದಿಲ್ಲ.

ಡ್ರೀಮಾ

ಸೆಪ್ಟೆಂಬರ್ 3

ಅಮ್ಮ,

ಬರೆಯಬೇಡ ಅಂದಿದ್ದೀಯ. ಇದೊಂದು ಓದಿಬಿಡು.

ಏಪ್ರಿಲ್ ಕಾಗದ ಬಂದ ದಿನ ಊಟಕ್ಕೆ ಹೋಗಲಿಲ್ಲ. ಮಾರನೇ ದಿನ ಇಲ್ಲಿಯ ಕೌನ್ಸೆಲರ್ ಹತ್ತಿರ ಹೋಗಿ, ನಾನು ತೆರಿಗೆ ಇಲಾಖೆಗೆ ಒಂದು ಪ್ರಮಾಣಪತ್ರ ಕಳಿಸಬೇಕು, ಸಾಕ್ಷಿ ಸಹಿ ಬೇಕು ಅಂದೆ. ಏನೆಂದು ಬರೆದಿದ್ದೀಯ ಎಂದು ಓದಿದರು. ಮಗು ಇಡೀ ವರ್ಷ ನನ್ನ ತಾಯಿಯ ಮನೆಯಲ್ಲಿತ್ತು, ಚಿಕ್ಕಮ್ಮನ ಮನೆಯಲ್ಲಿ ಒಂದು ದಿನವೂ ಇರಲಿಲ್ಲ, ನಂಬರನ್ನು ನಾನೇ ಫೋನಿನ ದುಡ್ಡಿಗಾಗಿ ಕೊಟ್ಟೆ ಎಂದು ಬರೆದಿದ್ದೆ.

ಅವರು ಒಳ್ಳೆಯವರು. "ಶಾನಾ, ಕೊನೇ ಸಾಲು ತೆಗೆದುಬಿಡಮ್ಮ. ಇದಕ್ಕೆ ನಾನು ಸಹಿ ಹಾಕಿದ್ರೆ ಮೇಲಕ್ಕೂ ಹೇಳಲೇಬೇಕು. ಒಳಗೆ ಕೂತು ಮೋಸ ಮಾಡಿದ ಹಾಗಾಗುತ್ತೆ" ಅಂದರು. ಗ್ಲೆನಾ ಚಿಕ್ಕಮ್ಮನ ಹತ್ತಿರ ನನ್ನ ಚೀಟಿ ಇತ್ತು, ಆ ಸಾಲು ತೆಗೆದಿದ್ದರೆ ನನ್ನ ಮಾತನ್ನು ಯಾರು ನಂಬುತ್ತಿದ್ದರು? ಇರಲಿ ಅಂದೆ.

ಶಿಕ್ಷೆ ಬಿತ್ತು. ನೂರಿಪ್ಪತ್ತು ದಿನ ಫೋನ್ ಬಂದ್, ಜೈಲಿನ ಅಂಗಡಿ ಬಂದ್. ಅಂಗಡಿ ಇಲ್ಲದಿದ್ದರೆ ಅಂಚೆ ಚೀಟಿ ಇಲ್ಲ. ಕೇಳಿದ್ದರೆ ಯಾರಾದರೂ ಒಂದು ಕೊಡುತ್ತಿದ್ದರು, ಕೇಳಲಿಲ್ಲ. ನಿನಗೆ ಏನು ಬರೆಯಬೇಕೆಂದೂ ಗೊತ್ತಿರಲಿಲ್ಲ. ನಾನು ಅವಳನ್ನು ಮಾರಲಿಲ್ಲ ಅಮ್ಮ ಅಂತ ಹತ್ತು ಸಲ ಮನಸ್ಸಿನಲ್ಲೇ ಬರೆದೆ. ಹತ್ತು ಸಲವೂ ಅದು ಸುಳ್ಳೆಂದೇ ಕಂಡಿತು. ಅವಳ ದನಿ ಕೇಳಬೇಕಿತ್ತು, ಅಷ್ಟೇ. ಅದಕ್ಕೆ ಕೊಡಲು ನನ್ನ ಹತ್ತಿರ ಇನ್ನೇನೂ ಇರಲಿಲ್ಲ.

ಪೆರೋಲ್ ಈ ತಿಂಗಳು ಇಲ್ಲ. ಬರುವ ವರ್ಷ ಸೆಪ್ಟೆಂಬರಿಗೆ ಹಾಕಿದ್ದಾರೆ. ಜೋಸಿಗೆ ಕಾರಣ ಹೇಳಬೇಡ. ಶಾಲೆ ಹೋಯಿತೆಂದು ಬರೆದಿದ್ದೆಯಲ್ಲ, ಅದನ್ನು ಓದಿದಾಗಿನಿಂದ ನನಗೆ ನನ್ನ ಕೈ ನೋಡಿಕೊಳ್ಳಲೂ ಅಸಹ್ಯ.

ಶಾನಾ

ಅಕ್ಟೋಬರ್ 21

ಶಾನಾ,

ಆರು ವಾರದಿಂದ ಈ ಕಾಗದ ಶುರುಮಾಡಿ ಹರಿಯುತ್ತಿದ್ದೇನೆ.

ಇಲಾಖೆ ನನ್ನ ಕಡೆ ತೀರ್ಪು ಕೊಟ್ಟಿದೆ. ಜೋಸಿ ನನ್ನ ಮನೆಯ ಮಗು ಎಂದು ಒಂದು ಹಾಳೆಯಲ್ಲಿ ಬರೆದು ಕಳಿಸಿದ್ದಾರೆ. ಹೆಚ್ಚುಕಮ್ಮಿ ಒಂಬತ್ತು ತಿಂಗಳು ಬೇಕಾಯಿತು, ಇಷ್ಟರಲ್ಲಿ ಒಂದು ಮಗುವನ್ನೇ ಹೆರಬಹುದಿತ್ತು. ಗ್ಲೆನಾ ತಿಂದದ್ದನ್ನೆಲ್ಲ ಕಕ್ಕಬೇಕಂತೆ. ತೂಗುಕುರ್ಚಿ ಮಾರಾಟಕ್ಕಿದೆ ಎಂದು ಚರ್ಚಿನ ಬಾಗಿಲಿಗೆ ಚೀಟಿ ಅಂಟಿಸಿದ್ದಾಳೆ. ನಾನು ಓದಿ, ಅವಳು ನೋಡುವ ಹಾಗೆ ನಕ್ಕು ಬಂದೆ.

ಗಾಡಿ ಎದ್ದಿದೆ. ಹಲ್ಲು ಬಿತ್ತು. ಇಲ್ಲಿಯ ಶಾಲೆಯಲ್ಲಿ ಓದಿಸುವವರು ಯಾರೂ ಇಲ್ಲ. ದಿನಾ ಸಂಜೆ ನಾನೇ ಕೂರುತ್ತೇನೆ, ನಾನು ತಡವರಿಸಿದರೆ ಅವಳು ತಿದ್ದುತ್ತಾಳೆ.

ನಿನ್ನ ಮೇಲಿನ ಹೇಸಿಗೆ ಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಸುಳ್ಳು ಬರೆದು ನಮ್ಮ ಮನೆಯಲ್ಲಿ ಸಾಕಾಗಿದೆ. ಹೋಗಿಲ್ಲ. ಆದರೆ ನಾಲಿಗೆಯ ಬಗ್ಗೆ ಜೂನಿನಲ್ಲಿ ಬರೆದದ್ದು ತಪ್ಪು. ನೀನು ಆ ಕೊನೆಯ ಸಾಲು ತೆಗೆಯದೆ ಕೂತಿದ್ದ ಹೊತ್ತಿನಲ್ಲಿ ನಾನು ಇಲ್ಲಿ ನಿನ್ನ ಹೆಸರು ಹಿಡಿದು ಉಗಿಯುತ್ತಿದ್ದೆ. ಅದನ್ನು ನೆನೆದರೆ ನನಗೆ ಊಟ ರುಚಿಸುವುದಿಲ್ಲ.

ಭೇಟಿಯ ಫಾರಂ ಇದರೊಳಗಿದೆ. ನಿನ್ನ ಕೌನ್ಸೆಲರ್ ಕೈಗೆ ಕೊಡು. ನವೆಂಬರ್ ಹದಿನೆಂಟು, ಶನಿವಾರ. ತಾನೇ ತುಂಬುತ್ತೇನೆ ಎಂದು ಜೋಸಿ ಹಟ ಮಾಡಿದಳು. ಹೆಸರು ಬರೆದಳು. ಸಂಬಂಧ ಅನ್ನುವ ಕಡೆ ಮಗಳು ಎಂದು ಬರೆದಳು. ವಿಳಾಸದ ಹತ್ತಿರ ಪೆನ್ಸಿಲ್ ನಿಂತಿತು, ನನ್ನ ಮುಖ ನೋಡಿದಳು.

"ಅಜ್ಜಿ, ಯಾವ ಮನೆ ಬರೀಲಿ?"

ನಾನು ಒಲೆ ಕಡೆ ತಿರುಗಿ ಹುರುಳಿಕಾಯಿ ಕದಡಿದೆ. ಕದಡಬೇಕಾಗಿರಲಿಲ್ಲ. "ನೀನು ಮಲಗೋ ಮನೆ ಬರಿ" ಅಂದೆ. ಬರೆದಳು. ಸ್ಲೇಟ್ ಫೋರ್ಕ್, ಕೊನೇ ಟ್ರೈಲರ್.

ಕೆಳಗೆ ಇನ್ನೊಂದು ಗೆರೆ ಇತ್ತು, ಒಳಗಿರುವವರ ಮನೆಯ ವಿಳಾಸ ಎಂದು.

"ಅಜ್ಜಿ, ಅಮ್ಮನ ಮನೆ ಯಾವ್ದು?"

ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡೆ.

"ಮೇಲಿರೋ ಮನೇನೇ ಇನ್ನೊಂದು ಸಲ ಬರಿ" ಅಂದೆ.

ಅಮ್ಮ